ಬಾರ್ನೆಟ್ ನ್ಯೂಮನ್, ಒಂದು ಗೆರೆ, ಒಂದಿಷ್ಟು ಕಬಾಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಮನ್ ಅವರ ಚಿತ್ರ ತೋರಿಸಿದಾಗಲೆಲ್ಲ ಮೊದಲು ನಗು ಬರುತ್ತದೆ, ಆಮೇಲೆ ಪ್ರಶ್ನೆ ಬರುತ್ತದೆ. ಮಾತಿನ ನಡುವೆ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ತಿರುತಿರುಗಿ ಬಂದವನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಬೈದಿದ್ದನ್ನೂ ಹಾಗೇ ಇಟ್ಟಿದ್ದೇನೆ.

## ಮೊದಲಿಗೆ ಸರಳವಾದವು

ಯಾರು ಸಾರ್ ಈ ಬಾರ್ನೆಟ್ ನ್ಯೂಮನ್? ಹೆಸರೇ ಕೇಳಿಲ್ಲ.

ನ್ಯೂಯಾರ್ಕಿನ ಚಿತ್ರಕಾರ. 1905ರ ಜನವರಿ 29ರಂದು ಆ ಊರಲ್ಲೇ ಹುಟ್ಟಿದರು, 1970ರ ಜುಲೈ 4ರಂದು ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ಅಪ್ಪ ಅಮ್ಮ ಪೋಲೆಂಡಿನ ಲೊಮ್ಜಾ ಕಡೆಯಿಂದ ವಲಸೆ ಬಂದ ಯೆಹೂದಿಗಳು. ಅಮೂರ್ತ ಚಿತ್ರ ಬರೆದ ಮಾರ್ಕ್ ರಾತ್ಕೋ, ಜಾಕ್ಸನ್ ಪೊಲಾಕ್ ಇವರ ಸಾಲಿನವರು, ಆದರೆ ಆ ಸಾಲಿನಲ್ಲಿ ಎಲ್ಲರಿಗಿಂತ ತಡವಾಗಿ ಹೆಸರು ಬಂದಿದ್ದು ಇವರಿಗೆ. ಬಿಟ್ಟುಹೋದ ಚಿತ್ರಗಳು ಸುಮಾರು 120 ಅಷ್ಟೇ. ದೊಡ್ಡ ಬಣ್ಣದ ಮೈದಾನ, ಅದರಲ್ಲಿ ಮೇಲಿನಿಂದ ಕೆಳಗೆ ಒಂದೋ ಎರಡೋ ಗೆರೆ. ನೋಡಿದ ಕೂಡಲೇ ಗುರುತು ಹಿಡಿಯಬಹುದು.

ಒಂದೇ ಬಣ್ಣ ಬಳಿದು ಮಧ್ಯ ಒಂದು ಗೆರೆ ಎಳೆದರೆ ಅದು ಚಿತ್ರಾನಾ? ನಮ್ಮ ಮನೆಗೆ ಸುಣ್ಣ ಬಣ್ಣ ಮಾಡೋನು ಕೂಡ ಮಾಡ್ತಾನೆ.

ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ನಾನೂ ಮೊದಲ ಸಲ ಪುಸ್ತಕದಲ್ಲಿ ಅಂಗೈಯಷ್ಟು ಚಿತ್ರ ನೋಡಿ ಇದನ್ನೇ ಅಂದಿದ್ದೆ. ತೊಂದರೆ ಏನಂದರೆ ಅಂಗೈಯಗಲದಲ್ಲಿ ಈ ಚಿತ್ರಗಳು ಬದುಕುವುದೇ ಇಲ್ಲ, ಫೋನಿನಲ್ಲಂತೂ ಕೆಂಪು ಬಣ್ಣದ ಒಂದು ಚೌಕ ಕಾಣುತ್ತದೆ, ಅಷ್ಟೇ. ‘ವಿರ್ ಹೆರೋಯಿಕಸ್ ಸಬ್ಲಿಮಿಸ್’ ಎಂಬ 1950-51ರ ಚಿತ್ರ ಐದೂವರೆ ಮೀಟರ್ ಹತ್ತಿರ ಅಗಲ, ಎರಡೂವರೆ ಮೀಟರ್ ಹತ್ತಿರ ಎತ್ತರ ಇದೆ. ಅದರ ಮುಂದೆ ನಿಂತರೆ ಕಣ್ಣಿನ ಅಂಚಿಗೂ ಕೆಂಪೇ. ಆ ಕೆಂಪು ಒಂದೇ ಸಲ ಬಳಿದ ಕೆಂಪಲ್ಲ, ಪದರದ ಮೇಲೆ ಪದರ. ಐದು ಗೆರೆಗಳ ಅಂಚು ಒಂದು ಕಡೆ ಚೂಪು, ಇನ್ನೊಂದು ಕಡೆ ಸ್ವಲ್ಪ ಒಸರಿದ ಹಾಗೆ. ಕೈಯಿಂದ ಮಾಡಿದ್ದು ಅಂತ ಹತ್ತಿರ ಹೋದರೆ ಗೊತ್ತಾಗುತ್ತದೆ. ಬಣ್ಣ ಮಾಡುವವನು ಮಾಡಬಲ್ಲನಾ ಅನ್ನುವುದಕ್ಕೆ ನಿಜವಾದ ಉತ್ತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿಕ್ಕಿತು, ಅದನ್ನು ಕೆಳಗೆ ಬರೆದಿದ್ದೇನೆ.

ಆ ಗೆರೆಗೆ ‘ಜಿಪ್’ ಅಂತ ಯಾಕೆ ಕರೀತಾರೆ? ಎಲ್ಲಿಂದ ಬಂತು ಅದು?

ನ್ಯೂಮನ್ ಅವರೇ ಬಳಸಿದ ಮಾತು. ಹುಟ್ಟಿದ್ದು ಹೀಗೆ. 1948ರ ಜನವರಿ 29, ಅವರ 43ನೇ ಹುಟ್ಟುಹಬ್ಬ. ಒಂದು ಚಿಕ್ಕ ಕ್ಯಾನ್ವಾಸಿಗೆ, ಎತ್ತರ ಸುಮಾರು 69 ಸೆಂಟಿಮೀಟರ್, ಕಂದುಗೆಂಪು ಬಳಿದು ಸರಿಯಾಗಿ ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿದರು. ಟೇಪಿನ ಮೇಲೆ ತಿಳಿಗೆಂಪು ಬಣ್ಣವನ್ನು ಸುಮ್ನೆ ಪರೀಕ್ಷೆಗೆ ಅಂತ ಮೆತ್ತಿದರು. ಆಮೇಲೆ ಟೇಪ್ ಕಿತ್ತು ಮುಂದುವರಿಸಬೇಕಿತ್ತು. ಕೀಳಲಿಲ್ಲ. ಹಾಗೇ ಬಿಟ್ಟರು. ಬಿಟ್ಟು ತಿಂಗಳುಗಟ್ಟಲೆ ಅದನ್ನೇ ನೋಡುತ್ತಾ ಕೂತರು, ‘ನಾನು ಏನು ಮಾಡಿದೆ’ ಅಂತ. ಆ ಟೇಪ್ ಇವತ್ತಿಗೂ ಚಿತ್ರದಲ್ಲೇ ಇದೆ. ಚಿತ್ರದ ಹೆಸರು ‘ಒನ್‌ಮೆಂಟ್ 1’. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ.

ಒಂದು ಮಾತು ನೆನಪಿಡಿ. ಈ ಗೆರೆ ಚಿತ್ರವನ್ನು ಎರಡು ಹೋಳು ಮಾಡುತ್ತದೆ ಅಂತ ನೋಡುವವರು ಅಂದುಕೊಳ್ಳುತ್ತಾರೆ. ನ್ಯೂಮನ್ ಅದನ್ನು ಒಪ್ಪಲಿಲ್ಲ, ಗೆರೆ ಚಿತ್ರವನ್ನು ಒಂದು ಮಾಡುತ್ತದೆ ಅಂದರು. ಜಿಪ್ಪಿನ ಕೆಲಸವೇ ಅದಲ್ವಾ?

43 ವರ್ಷದ ತನಕ ಏನು ಮಾಡ್ತಿದ್ರು? ಹೊಟ್ಟೆಪಾಡು?

ಅಪ್ಪನಿಗೆ ಗಂಡಸರ ಬಟ್ಟೆ ತಯಾರಿಸುವ ವ್ಯಾಪಾರ ಇತ್ತು. ಸಿಟಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿದ ಮಗ, ಎರಡು ವರ್ಷ ದುಡಿದು ಕಾಸು ಮಾಡಿಕೊಂಡು ಚಿತ್ರ ಬರೆಯುತ್ತೇನೆ ಅಂತ ಅಪ್ಪನ ವ್ಯಾಪಾರಕ್ಕೆ ಸೇರಿದರು. 1929ರಲ್ಲಿ ಷೇರು ಮಾರುಕಟ್ಟೆ ಮುಗ್ಗರಿಸಿತು, ವ್ಯಾಪಾರವೂ ಮುಗ್ಗರಿಸಿತು, ಅದನ್ನು ಎತ್ತಿ ನಿಲ್ಲಿಸುವುದರಲ್ಲಿ ವರ್ಷಗಳು ಹೋದವು. ನಡುವೆ ಶಾಲೆಗಳಲ್ಲಿ ಬದಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ. ಕಾಯಂ ಆಗಲು ಪರೀಕ್ಷೆ ಪಾಸಾಗಬೇಕಿತ್ತು, ಫೇಲಾದರು. ಸುಮ್ಮನೆ ಕೂರುವ ಆಸಾಮಿ ಅಲ್ಲ, 1938ರಲ್ಲಿ ತನ್ನ ಹಾಗೆ ಫೇಲಾದವರನ್ನೆಲ್ಲ ಸೇರಿಸಿ ‘ನಮಗೆ ಚಿತ್ರ ಬರೆಯಲು ಬರುತ್ತದಾ? ಪರೀಕ್ಷಕರು ಇಲ್ಲ ಅನ್ನುತ್ತಾರೆ’ ಎಂಬ ಅರ್ಥದ ಹೆಸರಿಟ್ಟು ಪ್ರದರ್ಶನವನ್ನೇ ಮಾಡಿಬಿಟ್ಟರು.

1936ರಲ್ಲಿ ಆನಲೀ ಎಂಬ ಶಿಕ್ಷಕಿಯನ್ನು ಮದುವೆಯಾದರು. ಅಲ್ಲಿಂದ ಮುಂದೆ ಬಹಳ ವರ್ಷ ಮನೆ ನಡೆದದ್ದು ಆಕೆಯ ಸಂಬಳದಲ್ಲಿ. ಈ ಕಥೆಯಲ್ಲಿ ಆಕೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ. ನ್ಯೂಮನ್ ತಾವು ಅಲ್ಲಿಯವರೆಗೆ ಬರೆದದ್ದನ್ನೆಲ್ಲ ನಾಶಮಾಡಿದರು, ಕೆಲವು ವರ್ಷ ಕುಂಚ ಬಿಟ್ಟು ಗಿಡಮರ, ಹಕ್ಕಿಗಳ ಬಗ್ಗೆ ಓದಿದರು. ಆ ಓದಿನಿಂದಲೇ ಇರಬೇಕು ಅವರ ಪ್ರಸಿದ್ಧ ಮಾತು ಬಂದದ್ದು: ಹಕ್ಕಿಗಳಿಗೆ ಪಕ್ಷಿಶಾಸ್ತ್ರ ಎಷ್ಟು ಮುಖ್ಯವೋ, ನನಗೆ ಸೌಂದರ್ಯಶಾಸ್ತ್ರ ಅಷ್ಟು ಮುಖ್ಯ.

ಮೇಯರ್ ಚುನಾವಣೆಗೆ ನಿಂತಿದ್ರಂತೆ, ನಿಜಾನಾ?

ನಿಜ. 1933, ನ್ಯೂಯಾರ್ಕ್, ಒಬ್ಬ ಗೆಳೆಯನ ಜೊತೆ. ಕಲೆ, ಓದು ಬರಹದವರು ರಾಜಕೀಯಕ್ಕೆ ಇಳಿಯಬೇಕು ಅಂತ ಒಂದು ಪ್ರಣಾಳಿಕೆ ಬರೆದರು. ಗೆದ್ದವರು ಲಾ ಗಾರ್ಡಿಯಾ, ಈಗ ವಿಮಾನ ನಿಲ್ದಾಣಕ್ಕೆ ಹೆಸರು ಇದೆಯಲ್ಲ, ಅವರೇ. ನ್ಯೂಮನ್ ತಮ್ಮನ್ನು ಅನಾರ್ಕಿಸ್ಟ್, ಅಂದರೆ ಸರ್ಕಾರದ ಅಧಿಕಾರವೇ ಬೇಡ ಅನ್ನುವವನು, ಅಂತ ಕರೆದುಕೊಳ್ಳುತ್ತಿದ್ದರು, ಕೊನೆಯವರೆಗೂ.

## ಕಬಾಲಾ ವಿಷಯಕ್ಕೆ ಬಂದರೆ

ಕಬಾಲಾ ಅಂದ್ರೆ ಏನು? ಕೆಂಪು ದಾರ ಕಟ್ಕೊಳ್ತಾರಲ್ಲ, ಅದಾ?

ಕೆಂಪು ದಾರ ಈಚಿನ ಫ್ಯಾಷನ್ನು, ಅದನ್ನು ಬದಿಗಿಡಿ. ಕಬಾಲಾ ಅಂದರೆ ಹೀಬ್ರೂನಲ್ಲಿ ‘ಪಡೆದದ್ದು’, ಗುರುವಿನಿಂದ ಶಿಷ್ಯನಿಗೆ ಬಂದದ್ದು ಎಂಬ ಅರ್ಥ. ಯೆಹೂದಿ ಧರ್ಮದ ಒಳಗಿನ ಅನುಭಾವದ ದಾರಿ. ಇದರ ಮುಖ್ಯ ಗ್ರಂಥ ‘ಜೋಹರ್’ 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಕಾಣಿಸಿಕೊಂಡಿತು. ನಮ್ಮ ಈ ಕಥೆಗೆ ಬೇಕಾದ ಮನುಷ್ಯ ಇನ್ನೂ ಆಮೇಲಿನವನು, ಈಗಿನ ಇಸ್ರೇಲಿನಲ್ಲಿರುವ ಸಫೇದ್ ಎಂಬ ಗುಡ್ಡದ ಊರಿನ ಐಸಾಕ್ ಲೂರಿಯಾ, 1534ರಿಂದ 1572. ಬದುಕಿದ್ದು 38 ವರ್ಷ, ತಾನಾಗಿ ಬರೆದದ್ದು ಬಹಳ ಕಡಿಮೆ, ಹೇಳಿದ್ದನ್ನು ಶಿಷ್ಯ ಹಾಯಿಮ್ ವಿಟಾಲ್ ಬರೆದಿಟ್ಟ.

ದೇವರು ಕುಗ್ಗಿದ ಅಂತೀರಲ್ಲ, ಹಾಗಂದ್ರೇನು? ನಮ್ಮ ಶೂನ್ಯ, ಬಯಲು ಅಂತಾರಲ್ಲ ಅದೇ ತಾನೇ?

ಲೂರಿಯಾನ ಮಾತು ‘ತ್ಸಿಮ್‌ತ್ಸುಮ್’. ಕುಗ್ಗುವುದು, ಹಿಂದೆ ಸರಿಯುವುದು. ತರ್ಕ ಸರಳ. ದೇವರು ಎಲ್ಲ ಕಡೆ ತುಂಬಿಕೊಂಡಿದ್ದರೆ ಜಗತ್ತನ್ನು ಇಡುವುದು ಎಲ್ಲಿ? ಬಸ್ಸಿನಲ್ಲಿ ಸೀಟು ತುಂಬ ಕೂತವರು ಸ್ವಲ್ಪ ಸರಿದು ಇನ್ನೊಬ್ಬರಿಗೆ ಜಾಗ ಕೊಡುತ್ತಾರಲ್ಲ, ಹಾಗೆ ದೇವರು ತನ್ನನ್ನು ತಾನು ಒಳಗೆಳೆದುಕೊಂಡ. ಖಾಲಿ ಜಾಗ ಆಯಿತು. ಆ ಖಾಲಿ ಜಾಗದೊಳಕ್ಕೆ ಬೆಳಕಿನ ಒಂದು ತೆಳು ಗೆರೆ ಇಳಿಯಿತು, ಅದಕ್ಕೆ ‘ಕಾವ್’ ಅನ್ನುತ್ತಾರೆ, ಹೀಬ್ರೂನಲ್ಲಿ ಗೆರೆ ಅಂತಲೇ ಅರ್ಥ. ಬೆಳಕನ್ನು ಹಿಡಿಯಬೇಕಾದ ಪಾತ್ರೆಗಳು ತಡೆಯಲಾರದೆ ಒಡೆದು ಚೂರಾದವು, ಚೂರುಗಳಲ್ಲಿ ಕಿಡಿಗಳು ಸಿಕ್ಕಿಕೊಂಡವು, ಅವನ್ನು ಎತ್ತಿ ಸೇರಿಸುವುದು ಮನುಷ್ಯರ ಪಾಲಿಗೆ ಬಂದ ಕೆಲಸ. ಆ ಜೋಡಿಸುವ ಕೆಲಸಕ್ಕೆ ‘ತಿಕ್ಕುನ್’ ಎಂದು ಹೆಸರು.

ಬಯಲು ಅನ್ನುವ ಹೋಲಿಕೆ ಥಟ್ಟನೆ ಹೊಳೆಯುತ್ತದೆ, ನನಗೂ ಹೊಳೆದಿತ್ತು. ಆದರೆ ವಚನಗಳ ಬಯಲಿನಲ್ಲಿ ಸರಿದು ನಿಂತ ಇನ್ನೊಬ್ಬ ಅಂತ ಇಲ್ಲ. ಇಲ್ಲಿ ಒಬ್ಬ ಬೇಕೆಂದೇ ಸರಿದಿದ್ದಾನೆ, ಇನ್ನೊಬ್ಬ ಬರಲಿ ಅಂತ. ಎರಡನ್ನೂ ಕಲಸಿದರೆ ಎರಡರ ರುಚಿಯೂ ಕೆಡುತ್ತದೆ.

ಅದು ಸರಿ, ಆ ಗೆರೆಗೂ ಈ ಗೆರೆಗೂ ಸಂಬಂಧ ಇದೆ ಅಂತ ಯಾರು ಹೇಳಿದ್ದು? ನೀವೇ ಕಟ್ಟಿದ್ದಾ?

ನಾನಲ್ಲ, ಥಾಮಸ್ ಹೆಸ್. ಕಲಾ ವಿಮರ್ಶಕರು, ನ್ಯೂಮನ್ ಅವರ ಗೆಳೆಯರು. ನ್ಯೂಮನ್ ತೀರಿಕೊಂಡ ಮರುವರ್ಷ, 1971ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿದಾಗ ಅದರ ಪುಸ್ತಕ ಬರೆದವರು ಇವರು. ‘ಒನ್‌ಮೆಂಟ್’ನ ಗೆರೆಯನ್ನು ಸೃಷ್ಟಿಯ ಮೊದಲ ಗಳಿಗೆಯಾಗಿ ಓದಿದರು. ಹಿನ್ನೆಲೆಯೂ ಹೊಂದುತ್ತದೆ: ಕಬಾಲಾವನ್ನು ಗಂಭೀರ ಅಧ್ಯಯನದ ವಿಷಯ ಮಾಡಿದ ಗೆರ್ಶೋಮ್ ಶೋಲೆಮ್ 1938ರಲ್ಲಿ ನ್ಯೂಯಾರ್ಕಿನಲ್ಲೇ ಉಪನ್ಯಾಸ ಕೊಟ್ಟಿದ್ದರು, 1941ರಲ್ಲಿ ಅವು ಪುಸ್ತಕವಾಗಿ ಬಂದಿದ್ದವು.

‘ಒನ್‌ಮೆಂಟ್’ ಎಂಬ ಹೆಸರಲ್ಲೂ ಒಂದು ಆಟ ಇದೆ. ಇಂಗ್ಲಿಷಿನ ‘ಅಟೋನ್‌ಮೆಂಟ್’ನ, ಅಂದರೆ ಪ್ರಾಯಶ್ಚಿತ್ತದ, ಮೊದಲ ತುಂಡು ಕತ್ತರಿಸಿದರೆ ಉಳಿಯುವುದು ಒನ್‌ಮೆಂಟ್, ಒಂದಾಗುವಿಕೆ. ಯೆಹೂದಿಗಳ ಅತಿ ದೊಡ್ಡ ದಿನ ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತದ ದಿನವೇ.

ಚಿತ್ರದಲ್ಲಿ ಏನೂ ಇಲ್ಲ, ಹೆಸರು ಮಾತ್ರ ಅಬ್ರಹಾಂ, ಆಡಂ, ಈವ್. ಹೆಸರಿಟ್ಟು ಯಾಮಾರಿಸೋದಾ?

ನ್ಯೂಮನ್ ಹೆಸರುಗಳನ್ನು ಹಗುರವಾಗಿ ತೆಗೆದುಕೊಂಡವರಲ್ಲ. ‘ಅಬ್ರಹಾಂ’ 1949ರ ಚಿತ್ರ. ಕಪ್ಪುಗಂದು ಬಣ್ಣದ ಮೇಲೆ ಕಪ್ಪು ಪಟ್ಟಿ, ಕತ್ತಲಲ್ಲಿ ಕತ್ತಲು ಕಂಡ ಹಾಗೆ, ಸ್ವಲ್ಪ ಹೊತ್ತು ಕಣ್ಣು ಹೊಂದಿಸಿಕೊಂಡರೆ ಮಾತ್ರ ಪಟ್ಟಿ ಕಾಣುತ್ತದೆ. ಬೈಬಲ್ಲಿನ ಮೂಲಪುರುಷನ ಹೆಸರು ಅದು. ಎರಡು ವರ್ಷ ಹಿಂದೆ ತೀರಿಕೊಂಡಿದ್ದ ಅವರ ಅಪ್ಪನ ಹೆಸರೂ ಅಬ್ರಹಾಂ. ನನಗೆ ಅವರ ಎಲ್ಲ ಚಿತ್ರಗಳಲ್ಲಿ ಇದೇ ಹೆಚ್ಚು ಇಷ್ಟ.

‘ದಿ ನೇಮ್’, ಅಂದರೆ ‘ಆ ಹೆಸರು’: ಭಕ್ತ ಯೆಹೂದಿಗಳು ದೇವರ ನಿಜವಾದ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ಹೀಬ್ರೂನಲ್ಲಿ ‘ಹಷೆಮ್’, ಆ ಹೆಸರು, ಅಂತಷ್ಟೇ ಅನ್ನುತ್ತಾರೆ. ‘ವೈಟ್ ಫೈರ್’, ‘ಬ್ಲ್ಯಾಕ್ ಫೈರ್’: ಯೆಹೂದಿಗಳ ಧರ್ಮಗ್ರಂಥ ತೋರಾವನ್ನು ಬಿಳಿ ಬೆಂಕಿಯ ಮೇಲೆ ಕಪ್ಪು ಬೆಂಕಿಯಿಂದ ಬರೆದಿತ್ತು ಎಂಬ ಹಳೆಯ ಮಾತು ಯೆಹೂದಿ ಪರಂಪರೆಯಲ್ಲಿದೆ. 1963-64ರಲ್ಲಿ ಮಾಡಿದ ಕಲ್ಲಚ್ಚಿನ ಸರಣಿಯಲ್ಲಿ ಹಾಳೆಗಳು ಸರಿಯಾಗಿ 18. ಹೀಬ್ರೂನಲ್ಲಿ ಅಕ್ಷರಕ್ಕೊಂದು ಸಂಖ್ಯೆ ಇದೆ, ‘ಹಾಯ್’ ಅಂದರೆ ಜೀವ, ಅದರ ಅಕ್ಷರ ಕೂಡಿದರೆ 8ಕ್ಕೆ 10, ಒಟ್ಟು 18. ಇದನ್ನು ಎಷ್ಟರ ಮಟ್ಟಿಗೆ ಎಳೆಯಬೇಕು ಅನ್ನುವುದು ಬೇರೆ ಮಾತು. ಹುಡುಕುತ್ತಾ ಹೋದರೆ ಎಲ್ಲ ಕಡೆ 18 ಸಿಗುತ್ತದೆ.

ಇನ್ನೊಂದು ವಿಷಯ. ಹತ್ತು ಆಜ್ಞೆಗಳಲ್ಲಿ ವಿಗ್ರಹ ಮಾಡಬೇಡ ಅನ್ನುವುದೂ ಒಂದು. ಅಬ್ರಹಾಂ ಅಂತ ಹೆಸರಿಟ್ಟು ಗಡ್ಡದ ಮುದುಕನನ್ನು ಬರೆಯದೇ ಇರುವುದಕ್ಕೆ ಆ ಪರಂಪರೆಯಲ್ಲೇ ಕಾರಣ ಇದೆ.

ಹಾಗಾದ್ರೆ ತುಂಬಾ ದೈವಭಕ್ತರಾ? ಸಿನಗಾಗ್‌ಗೆ ಹೋಗ್ತಿದ್ರಾ?

ಸಿನಗಾಗ್ ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ. ನ್ಯೂಮನ್ ಆಚಾರದವರಲ್ಲ. ಅಪ್ಪನಿಗೂ ಆಚಾರಕ್ಕಿಂತ ಹೀಬ್ರೂ ಕಲಿಕೆ, ಝಿಯಾನಿಸಂ (ಯೆಹೂದಿಗಳಿಗೆ ತಮ್ಮದೇ ನಾಡು ಬೇಕೆಂಬ ಚಳವಳಿ) ಮುಖ್ಯವಾಗಿತ್ತು. ಮಗನಿಗೆ ಚಿಕ್ಕಂದಿನಿಂದ ಹೀಬ್ರೂ ಪಾಠ ಆಯಿತು, ಮಡಿ ಬರಲಿಲ್ಲ. ‘ಯೆಹೂದಿ ಕಲಾವಿದ’ ಎಂಬ ಹಣೆಪಟ್ಟಿಯೂ ಅವರಿಗೆ ಇಷ್ಟ ಇರಲಿಲ್ಲ.

## ಇನ್ನು ಸ್ವಲ್ಪ ಆಳದವು

ವಿಮರ್ಶಕರು ಹೇಳಿದ್ದು ಬಿಡಿ. ಕಬಾಲಾ ಅಂತ ನ್ಯೂಮನ್ ತಾವೇ ಬಾಯಿ ಬಿಟ್ಟು ಹೇಳಿದ್ದಾರಾ?

ಹೇಳಿದ್ದಾರೆ. ಚಿತ್ರದ ಬಗ್ಗೆ ಅಲ್ಲ, ಕಟ್ಟಡದ ಬಗ್ಗೆ. 1963ರಲ್ಲಿ ನ್ಯೂಯಾರ್ಕಿನ ಯೆಹೂದಿ ಮ್ಯೂಸಿಯಂ ಹೊಸ ಸಿನಗಾಗ್‌ಗಳ ವಾಸ್ತುವಿನ ಪ್ರದರ್ಶನ ಇಟ್ಟಿತ್ತು. ನ್ಯೂಮನ್ ಅದಕ್ಕೆ ಒಂದು ಸಿನಗಾಗಿನ ಮಾದರಿ ಮಾಡಿಕೊಟ್ಟರು. ನೋಡಿದರೆ ಬೇಸ್‌ಬಾಲ್ ಮೈದಾನ! ನಡುವೆ ಮಣ್ಣಿನ ದಿಬ್ಬದ ಹಾಗೆ ಎತ್ತರದ ಜಾಗ, ಪಕ್ಕದಲ್ಲಿ ಆಟಗಾರರು ತಮ್ಮ ಸರದಿಗೆ ಕಾಯುವ ತಗ್ಗಿನಂಥ ಆಸನಗಳು, ಗೋಡೆಯಲ್ಲಿ ಅಂಕುಡೊಂಕಾಗಿ ಮಡಿಸಿದ ಕಿಟಕಿಗಳು. ಪ್ರತಿಯೊಬ್ಬರೂ ತಮ್ಮ ಹೆಸರು ಕರೆಯುವವರೆಗೆ ಒಂಟಿಯಾಗಿ ಕಾಯಬೇಕು, ಕರೆದಾಗ ದಿಬ್ಬ ಹತ್ತಿ ತೋರಾದ ಮುಂದೆ ನಿಲ್ಲಬೇಕು, ಬೆಳಕನ್ನೂ ಜಗತ್ತನ್ನೂ ಸೃಷ್ಟಿಸಿದ ಆ ‘ತ್ಸಿಮ್‌ತ್ಸುಮ್’ನ ಬಿಗಿತದಲ್ಲಿ ತಾನು ಯಾರು ಅಂತ ಪೂರ್ತಿಯಾಗಿ ಅನುಭವಿಸಬೇಕು ಎಂಬುದು ಅವರ ಟಿಪ್ಪಣಿಯ ಸಾರ. ಆ ಪದ ಅವರದೇ ಬರಹದಲ್ಲಿದೆ.

ಸಿನಗಾಗ್ ಕಟ್ಟಲಿಲ್ಲ, ಮಾದರಿಯಲ್ಲೇ ಉಳಿಯಿತು. ಆದರೆ ಆ ಅಂಕುಡೊಂಕು ಗೋಡೆ 1969ರಲ್ಲಿ ಉಕ್ಕಿನಲ್ಲಿ ಮರಳಿ ಬಂತು. ಎರಡು ಮಡಿಕೆ ಗೋಡೆಗಳು, ಒಂದೊಂದರಲ್ಲೂ ಆರು ಹಲಗೆ, ನಡುವೆ ಒಬ್ಬರು ನಡೆದುಹೋಗುವ ಓಣಿ. ಹೆಸರು ‘ಝಿಮ್ ಝುಮ್ 1’, ಅದೇ ತ್ಸಿಮ್‌ತ್ಸುಮ್. ಸರಿದು ಜಾಗ ಬಿಟ್ಟಿದ್ದಾರೆ, ಒಳಗೆ ಹೋಗಬೇಕಾದವರು ನೀವು.

ನನ್ನ ಅಭಿಪ್ರಾಯ ಕೇಳಿದರೆ ಅವರ ಕೆಲಸದ ನಡು ಇದೇ. ಹೀಬ್ರೂನಲ್ಲಿ ‘ಮಕೋಮ್’ ಅಂದರೆ ಜಾಗ, ಅದೇ ಪದ ದೇವರ ಹೆಸರೂ ಹೌದು. 1949ರಲ್ಲಿ ಅವರು ಓಹಾಯೋದಲ್ಲಿ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳನ್ನು ನೋಡಿ ಬಂದರು, ಅಲ್ಲಿ ನಿಂತಾಗ ‘ನಾನು ಇಲ್ಲಿದ್ದೇನೆ’ ಅನ್ನಿಸಿದ್ದನ್ನು ಬರೆದಿಟ್ಟರು. ಮೊದಲ ಶಿಲ್ಪಕ್ಕೆ ಇಟ್ಟ ಹೆಸರು ‘ಹಿಯರ್’, ಇಲ್ಲಿ. ಕಬಾಲಾದ ಕಥೆಯ ನಕಾಶೆ ಮಾಡುವುದು ಅವರಿಗೆ ಬೇಕಿರಲಿಲ್ಲ, ಒಂದು ಜಾಗ ಮಾಡಿ ಅದರಲ್ಲಿ ನಿಮ್ಮನ್ನು ನಿಲ್ಲಿಸುವುದು ಬೇಕಿತ್ತು. ಹಾಗಾಗಿ ಹೆಸ್ ಅವರ ಓದನ್ನು ನಾನು ಒಪ್ಪುತ್ತೇನೆ, ಆದರೆ ಪ್ರತಿ ಗೆರೆಗೂ ಒಂದೊಂದು ಗುಪ್ತಾರ್ಥ ಹಚ್ಚುವವರ ಜೊತೆ ಹೋಗುವುದಿಲ್ಲ.

ಯೆಹೂದಿಯಾಗಿ ಏಸುವಿನ ಶಿಲುಬೆ ಹಾದಿ ಯಾಕೆ ಬರೆದರು? ಅರ್ಥವೇ ಆಗಲ್ಲ.

1951ರಲ್ಲಿ ಎರಡನೇ ಪ್ರದರ್ಶನವೂ ಸೋತಿತ್ತು, ಜೊತೆಯ ಚಿತ್ರಕಾರರೇ ಮುಖ ತಿರುಗಿಸಿದ್ದರು, ಒಂದು ಹಂತದಲ್ಲಿ ಕುಂಚವೇ ನಿಂತಿತ್ತು. 1957ರಲ್ಲಿ ಹೃದಯಾಘಾತ. ಮಾರನೇ ವರ್ಷ ಬಣ್ಣ ಹಚ್ಚದ ಬರಿ ಕ್ಯಾನ್ವಾಸಿನ ಮೇಲೆ ಕಪ್ಪಿನಲ್ಲಿ ಶುರುಮಾಡಿದರು. ಆರಂಭದಲ್ಲಿ ಸರಣಿ ಅನ್ನುವ ಯೋಚನೆಯೇ ಇರಲಿಲ್ಲ, ನಾಲ್ಕನೆಯದರ ಹೊತ್ತಿಗೆ ಇದು ಶಿಲುಬೆ ಹಾದಿ ಅಂತ ಹೊಳೆಯಿತು. 14 ಚಿತ್ರ ಮುಗಿಯಲು 8 ವರ್ಷ ಹಿಡಿಯಿತು. 1966ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಗುಗೆನ್‌ಹೈಮ್‌ನಲ್ಲಿ ತೋರಿಸಿದರು.

ನಮ್ಮಲ್ಲಿ ಚರ್ಚಿಗೆ ಹೋಗುವವರಿಗೆ ಶಿಲುಬೆ ಹಾದಿಯ 14 ಸ್ಥಳಗಳು ಗೊತ್ತು: ಏಸು ಬೀಳುವುದು, ತಾಯಿಯನ್ನು ಕಾಣುವುದು, ಹೀಗೆ ಒಂದೊಂದಕ್ಕೂ ಒಂದು ಘಟನೆ. ನ್ಯೂಮನ್ ಆ ಘಟನೆಗಳನ್ನು ಬರೆಯಲಿಲ್ಲ. 14ಕ್ಕೂ ಸೇರಿ ಒಂದೇ ಕೂಗು, ಉಪಶೀರ್ಷಿಕೆಯಲ್ಲಿದೆ, ‘ಲೆಮಾ ಸಬಕ್ತಾನಿ’. ಯಾಕೆ ನನ್ನನ್ನು ಕೈಬಿಟ್ಟೆ? ಶಿಲುಬೆಯ ಮೇಲೆ ಏಸು ಕೂಗಿದ್ದು ಅರಮಾಯಿಕ್ ಭಾಷೆಯಲ್ಲಿ, ಆದರೆ ಆ ಸಾಲು ಹೀಬ್ರೂ ಕೀರ್ತನೆಗಳ 22ನೆಯದರಿಂದ ಬಂದದ್ದು. ಯೆಹೂದಿಯೊಬ್ಬ ಯೆಹೂದಿಗಳ ಹಳೆಯ ಹಾಡಿನಿಂದ ಎತ್ತಿದ ಪ್ರಶ್ನೆ. ಬಿಳಿ, ಕಪ್ಪು, ಬರಿ ಬಟ್ಟೆ, ಇಷ್ಟೇ. ನಾಜಿಗಳ ನರಮೇಧ ಮುಗಿದು 20 ವರ್ಷ ಆಗಿರಲಿಲ್ಲ ಅವರು ಇದನ್ನು ಬರೆಯಲು ಕೂತಾಗ, ಅದನ್ನು ಮರೆತು ಈ ಚಿತ್ರ ನೋಡುವುದು ನನಗೆ ಆಗುವುದಿಲ್ಲ.

ಇಂಥ ಚಿತ್ರಕ್ಕೆ ಯಾರೋ ಚಾಕು ಹಾಕಿದ್ರಂತಲ್ಲ? ಅಷ್ಟು ಸಿಟ್ಟು ಯಾಕೆ?

ಒಂದಲ್ಲ, ಮೂರು ಸಲ ದಾಳಿ ಆಗಿದೆ. ‘ಕೆಂಪು, ಹಳದಿ, ನೀಲಿಗೆ ಯಾರು ಹೆದರುತ್ತಾರೆ’ ಎಂಬ ಅರ್ಥದ ಹೆಸರಿನ ನಾಲ್ಕು ಚಿತ್ರಗಳಿವೆ. ನಾಲ್ಕನೆಯದರ ಮೇಲೆ 1982ರಲ್ಲಿ ಬರ್ಲಿನ್ನಿನಲ್ಲಿ ಒಬ್ಬ ವಿದ್ಯಾರ್ಥಿ ಎಗರಿದ. ಮೂರನೆಯದನ್ನು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಒಬ್ಬ ಕಟರಿನಿಂದ ಉದ್ದಕ್ಕೂ ಸೀಳಿದ. ಅದೇ ಮನುಷ್ಯ 1997ರಲ್ಲಿ ಮತ್ತೆ ಬಂದು ಈ ಸಲ ‘ಕತೀಡ್ರಾ’ ಎಂಬ ನೀಲಿ ಚಿತ್ರವನ್ನು ಸೀಳಿದ. ಹೆದರುತ್ತಾರಾ ಅಂತ ಚಿತ್ರವೇ ಕೇಳಿತ್ತು, ಉತ್ತರ ಸಿಕ್ಕಿತು.

ಈಗ ಮೇಲೆ ಬಾಕಿ ಇಟ್ಟ ಮಾತು. 1986ರಲ್ಲಿ ಹರಿದ ಚಿತ್ರವನ್ನು ದುರಸ್ತಿಗೆ ನ್ಯೂಯಾರ್ಕಿಗೆ ಕಳಿಸಿದರು, 1991ರಲ್ಲಿ ಅದು ವಾಪಸ್ ಬಂತು. ಸೀಳು ಕಾಣುತ್ತಿರಲಿಲ್ಲ. ಆದರೆ ನೋಡಿದವರು, ಕೆಂಪು ಸತ್ತಿದೆ ಅಂದರು. ಇಡೀ ಮೇಲ್ಮೈಗೆ ರೋಲರಿನಲ್ಲಿ ಹೊಸ ಬಣ್ಣ ಬಳಿದಿದ್ದಾರೆ ಎಂಬ ಆರೋಪ ಎದ್ದು ಕೋರ್ಟಿನವರೆಗೆ ಹೋಯಿತು. ಅದೇ ಅಳತೆ, ಅದೇ ಕೆಂಪು, ಅದೇ ಗೆರೆ, ಆದರೂ ಜನ ವ್ಯತ್ಯಾಸ ಕಂಡರು. ಹಾಗಾಗಿ ‘ಪೇಂಟರ್ ಕೂಡ ಮಾಡ್ತಾನೆ’ ಅನ್ನುವವರಿಗೆ ನಾನು ಈ ಕಥೆ ಹೇಳಿ ಸುಮ್ಮನಾಗುತ್ತೇನೆ.

ಕೆನಡಾದ್ದು ಇನ್ನೊಂದು ಬಗೆಯ ಸಿಟ್ಟು. ‘ವಾಯ್ಸ್ ಆಫ್ ಫೈರ್’, ಐದೂವರೆ ಮೀಟರ್ ಹತ್ತಿರ ಎತ್ತರ, ನೀಲಿ ಕೆಂಪು ನೀಲಿ, 1967ರ ಮಾಂಟ್ರಿಯಲ್ ವಿಶ್ವ ಮೇಳಕ್ಕೆ ಬರೆದದ್ದು. ಒಟ್ಟಾವಾದ ರಾಷ್ಟ್ರೀಯ ಗ್ಯಾಲರಿ ಅದನ್ನು ಸುಮಾರು 18 ಲಕ್ಷ ಡಾಲರಿಗೆ ಕೊಂಡಿದೆ ಅಂತ 1990ರಲ್ಲಿ ಗೊತ್ತಾದಾಗ ಸಂಸತ್ತಿನವರೆಗೆ ಗಲಾಟೆ ಆಯಿತು.

ಈಗ ಬೆಲೆ ಎಷ್ಟು?

‘ಒನ್‌ಮೆಂಟ್ 6’ 2013ರಲ್ಲಿ 4.38 ಕೋಟಿ ಡಾಲರಿಗೆ ಹೋಯಿತು, ‘ಬ್ಲ್ಯಾಕ್ ಫೈರ್ 1’ 2014ರಲ್ಲಿ 8.42 ಕೋಟಿ ಡಾಲರಿಗೆ. ಒಟ್ಟಾವಾದವರು ಈಗ ನಗುತ್ತಿರಬೇಕು.

ಎಲ್ಲಿ ನೋಡಬಹುದು? ಎಷ್ಟು ದೂರ ನಿಂತು ನೋಡಬೇಕು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರು ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿ ‘ಒನ್‌ಮೆಂಟ್ 1’, ‘ಅಬ್ರಹಾಂ’, ‘ವಿರ್ ಹೆರೋಯಿಕಸ್’ ಮೂರೂ ಇವೆ. ಶಿಲುಬೆ ಹಾದಿಯ 14 ಚಿತ್ರಗಳು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯವು. ಹ್ಯೂಸ್ಟನ್ನಿನಲ್ಲಿ ರಾತ್ಕೋ ಚಾಪೆಲ್ ಮುಂದೆ ನೀರಿನ ನಡುವೆ ‘ಬ್ರೋಕನ್ ಒಬೆಲಿಸ್ಕ್’ ನಿಂತಿದೆ, ಪಿರಮಿಡ್ಡಿನ ತುದಿಯ ಮೇಲೆ ತಲೆಕೆಳಗಾದ ಮುರಿದ ಕಂಬ, ಟಿಕೆಟ್ಟಿಲ್ಲ. ಲಂಡನ್ನಿನ ಕಡೆಯವರಿಗೆ ಟೇಟ್‌ನಲ್ಲಿ ಆಡಂ, ಈವ್. ಯಾವಾಗ ಯಾವುದು ಗೋಡೆ ಮೇಲಿರುತ್ತದೆ ಅನ್ನುವುದನ್ನು ಹೊರಡುವ ಮುಂಚೆ ನೋಡಿಕೊಳ್ಳಿ.

ದೂರದ ವಿಷಯಕ್ಕೆ ನ್ಯೂಮನ್ ಅವರೇ ಉತ್ತರ ಕೊಟ್ಟಿದ್ದಾರೆ. 1951ರ ಪ್ರದರ್ಶನದಲ್ಲಿ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು: ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವ ರೂಢಿ ಇದೆ, ಇಲ್ಲಿಯ ದೊಡ್ಡ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು ಅಂತ. ಹಾಗಾಗಿ ಮೊಬೈಲ್ ಜೇಬಿಗೆ ಹಾಕಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ಐದು ನಿಮಿಷ ನಿಲ್ಲಿ. ಗಾರ್ಡು ಹಿಂದೆ ಸರಿಯಿರಿ ಅಂದರೆ ಸರಿಯಿರಿ. ಅವರು ಆ ಕಡೆ ತಿರುಗಿದ ಮೇಲೆ ಒಂದು ಹೆಜ್ಜೆ ಮತ್ತೆ ಮುಂದೆ ಇಟ್ಟರೆ ತಪ್ಪೇನಿಲ್ಲ, ಮುಟ್ಟಬೇಡಿ ಅಷ್ಟೇ.